ಕರಿಂತುರುತ್ತಿನಲ್ಲಿ ಯಾರೂ ಇಲ್ಲ

ಕರಿಂತುರುತ್ತು ಎಂಬ ರೈಲ್ವೆ ಊರು ಸಂಪೂರ್ಣ ನಿರ್ಜನವಾಗಿದೆಯೆಂದು ಸರ್ವರಿಗೂ ತಿಳಿಯಪಡಿಸಲಾಗಿದೆ. ಈ ಪ್ರಕಟಣೆಯನ್ನು ಅಂಟಿಸಲು ಒಳ್ಳೆಯ ಗೋಡೆ ತೋರಿಸಿಕೊಟ್ಟವರು ಅದೇ ಊರಿನಲ್ಲಿ ವಾಸವಾಗಿರುವ ಜಾಯ್ಸ್ ಚೇಚ್ಚಿ, ನಮ್ಮ ಮಾತಿನಲ್ಲಿ ಜಾಯ್ಸಕ್ಕ. ಮೈದಾ ಹಿಟ್ಟಿನ ಅಂಟು ಕಾಸಿ ಕೊಟ್ಟವರೂ ಅವರೇ. ಅಂಟಿಸಿ ಆದ ಮೇಲೆ ನಮಗೆಲ್ಲ ಒಂದೊಂದು ಗ್ಲಾಸು ಕಟ್ಟನ್ ಚಾಯ, ಅಂದರೆ ಹಾಲಿಲ್ಲದ ಚಹಾ, ಕೊಟ್ಟು, "ಸಾರೇ, ಇದರಲ್ಲಿ ಎಂತ ಬರೆದಿದೆ?" ಎಂದು ಮಲಯಾಳದಲ್ಲಿ ಕೇಳಿದರು. ಈ ಊರಿನಲ್ಲಿ ಯಾರೂ ಇಲ್ಲ ಅಂತ ಬರೆದಿದೆ ಎಂದೆ.

"ಅಯ್ಯೋ ಪಾಪ" ಅಂದರು ಚೇಚ್ಚಿ.

ನಾನು ರಾಮದಾಸ, ಕಾಸರಗೋಡಿನವ. ಪರಿತ್ಯಕ್ತ ರೈಲು ತಾಣಗಳ ಛಾಯಾಚಿತ್ರ ನಿರ್ದೇಶನಾಲಯದ ಕೊಚ್ಚಿ ಶಾಖೆಯ ಅಧೀಕ್ಷಕ. ಇಂಥದೊಂದು ನಿರ್ದೇಶನಾಲಯ ಉಂಟೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಬೇಜಾರಿಲ್ಲ, ಕೆಲಸ ಸಿಗುವವರೆಗೆ ನನಗೂ ಗೊತ್ತಿರಲಿಲ್ಲ. ರೈಲು ಬಿಟ್ಟುಹೋದ ನಿಲ್ದಾಣ, ಸೇತುವೆ, ಊರುಗಳ ಫೋಟೋ ತೆಗೆದು ವರ್ಷಕ್ಕೊಂದು ಕ್ಯಾಲೆಂಡರ್ ಮಾಡುವುದು ನಮ್ಮ ಕರ್ತವ್ಯ. ಪ್ರಧಾನ ಕಚೇರಿ ತಿರುವನಂತಪುರದಲ್ಲಿ. ಅಲ್ಲಿ ಲಿಫ್ಟು, ಕ್ಯಾಂಟೀನು, ನಿರ್ದೇಶಕರು ಎಲ್ಲ ಉಂಟು. ನಮ್ಮ ಶಾಖೆ ಕಲೂರ್ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಬೇಕರಿಯ ಮೇಲಿನ ಕೋಣೆ. ನಮ್ಮ ಕಡತಗಳಿಗೆಲ್ಲ ಪಫ್ಸ್ ವಾಸನೆ. ಸಿಬ್ಬಂದಿ ಇಬ್ಬರೇ, ನಾನು ಮತ್ತು ಫೋಟೋಗ್ರಾಫರ್ ಅಣ್ಣಪ್ಪ.

ಅಣ್ಣಪ್ಪ ಗದಗಿನ ಕಡೆಯವರು. ಅವರಿಗೆ ಗೂಡ್ಸ್ ಗಾಡಿಯೆಂದರೆ ಪ್ರಾಣ. ಪ್ಯಾಸೆಂಜರ್ ಗಾಡಿ ಬಂದರೆ ಕ್ಯಾಮೆರಾ ಎತ್ತುವುದೂ ಇಲ್ಲ. "ಅದರಾಗ ಮಂದಿ ಕಿಟಕಿಯಾಗಿಂದ ಕೈ ಮಾಡ್ತಾರ, ಬಾಳೆಹಣ್ಣಿನ ಸಿಪ್ಪಿ ಒಗೀತಾರ. ಗೂಡ್ಸು ನೋಡ್ರಿ ರಾಮದಾಸರ, ತನ್ನ ಪಾಡಿಗೆ ತಾನು ಹೊಕ್ಕೈತಿ" ಎನ್ನುತ್ತಾರೆ. ಇಷ್ಟು ಸಮಾಧಾನದ ಮನುಷ್ಯನಿಗೆ ಒಂದೇ ಒಂದು ಸಂಕಟ. ಹೆಂಡತಿ ಕಲ್ಯಾಣಿ ಹುಬ್ಬಳ್ಳಿಯ ಒಂದು ಬ್ಯಾಂಕಿನಲ್ಲಿ ಕೌಂಟರಿನ ಕೆಲಸದವರು. ಮದುವೆಯಾದ ಲಾಗಾಯ್ತು ಅವರು ಅಲ್ಲಿ, ಇವರು ಇಲ್ಲಿ. ಮಧ್ಯಾಹ್ನ ಊಟದ ಹೊತ್ತಿಗೆ ಇಬ್ಬರೂ ಫೋನನ್ನು ನೀರಿನ ಬಾಟಲಿಗೆ ಒರಗಿಸಿಟ್ಟು ಒಟ್ಟಿಗೆ ಉಣ್ಣುತ್ತಾರೆ. ಅವರದು ರೊಟ್ಟಿ, ಇವರದು ಕುಸುಬಲಕ್ಕಿ ಅನ್ನ. ನೋಡಲಾರದೆ ನಾನು ಎದ್ದು ಕೆಳಗೆ ಬೇಕರಿಗೆ ಹೋಗುತ್ತೇನೆ.

ನಮ್ಮ ನಿರ್ದೇಶನಾಲಯಕ್ಕೆ ಹುಬ್ಬಳ್ಳಿಯಲ್ಲೂ ಒಂದು ಶಾಖೆ ಉಂಟು. ಗಂಡ ಹೆಂಡತಿ ಇಬ್ಬರೂ ನೌಕರಿಯಲ್ಲಿದ್ದರೆ ಒಂದೇ ಊರಿನಲ್ಲಿ ಇರಿಸಬೇಕೆಂಬ ನಿಯಮವೂ ಉಂಟು. ಎಲ್ಲ ಉಂಟು, ವರ್ಗಾವಣೆ ಮಾತ್ರ ಇಲ್ಲ. ಕೊನೆಗೆ ನಿರ್ದೇಶಕರಾದ ವಿಶ್ವೇಶ್ವರ ಸಾಹೇಬರು, ಮೈಸೂರಿನವರು, ಬಹಳ ಮೃದು ಮಾತಿನವರು, ಒಂದು ದಾರಿ ತೋರಿಸಿದರು. "ಅಣ್ಣಪ್ಪನವರೇ, ಕರಿಂತುರುತ್ತಿನ ಫೋಟೋ ಒಂದು ಮುಗಿಸಿಬಿಡಿ. ಜನವರಿ ಪುಟಕ್ಕೆ ಅದೇ ಬೇಕು. ಕ್ಯಾಲೆಂಡರ್ ಅಚ್ಚಾದ ತಕ್ಷಣ ನಿಮ್ಮ ಹುಬ್ಬಳ್ಳಿ ಅರ್ಜೀನ ನಾನೇ ಕೈಗೆತ್ತಿಕೊಳ್ತೀನಿ." ಆ ಸಂಜೆಯೇ ಕಲ್ಯಾಣಿಯವರು ಬ್ಯಾಂಕಿನಿಂದ ನೇರ ಬಾಡಿಗೆ ಮನೆ ನೋಡಲು ಹೊರಟರಂತೆ.

ಕರಿಂತುರುತ್ತು ಇರುವುದು ವಲ್ಲಾರ್ಪಾಡಂ ಕಡೆಗೆ, ಹಿನ್ನೀರಿನ ನಡುವೆ ಒಂದು ತುಂಡು ನೆಲ. ಒಂದು ಕಾಲಕ್ಕೆ ಅಲ್ಲಿ ಸರಕಿನ ನಿಲ್ದಾಣ, ಗೋದಾಮು, ರೈಲ್ವೆ ಕ್ವಾರ್ಟರ್ಸು ಎಲ್ಲ ಇತ್ತು. ಆಮೇಲೆ ಬೇರೆ ಹಳಿ ಬಂತು, ಊರು ಮುಚ್ಚಿತು, ಜನ ಗಂಟುಮೂಟೆ ಕಟ್ಟಿದರು. ಹೊಸ ಸೇತುವೆ ಮಾತ್ರ ಆ ಊರಿನ ಪಕ್ಕದಲ್ಲೇ ಹಾದುಹೋಗುತ್ತದೆ, ಅದರ ಮೇಲೆ ಬಂದರಿಗೆ ಕಂಟೇನರಿನ ಗೂಡ್ಸ್ ಗಾಡಿಗಳು. ಮುಂದೆ ಪಾಳು ಊರು, ಹಿಂದೆ ಸೇತುವೆ, ಸೇತುವೆಯ ಮೇಲೆ ನಿಂತ ಗೂಡ್ಸು, ಸಾಹೇಬರಿಗೆ ಬೇಕಾದ ಚಿತ್ರ ಇದು.

ನಮ್ಮ ಏಳನೇ ನಿಯಮ ಹೀಗೆ ಹೇಳುತ್ತದೆ: "ಪರಿತ್ಯಕ್ತ ತಾಣದ ಚಿತ್ರದಲ್ಲಿ ಮನುಷ್ಯ, ಮನುಷ್ಯನ ನೆರಳು, ಒಣಹಾಕಿದ ಬಟ್ಟೆ ಹಾಗೂ ಅಡುಗೆಯ ಹೊಗೆ ಕಾಣತಕ್ಕದ್ದಲ್ಲ. ಚಿತ್ರ ತೆಗೆಯುವ ಕಾಲಕ್ಕೆ ತಾಣದಲ್ಲಿ ಯಾವ ಮನುಷ್ಯನೂ ಇರತಕ್ಕದ್ದಲ್ಲ."

"ಯಾರೂ ಇರಬಾರದಂದ್ರ ನಾ ಎಲ್ಲಿ ನಿಂತು ತೆಗೀಲ್ರಿ?" ಎಂದು ಅಣ್ಣಪ್ಪ ಕೇಳಿದರು. ಇಂಥ ಪ್ರಶ್ನೆ ಕೇಳುವವರಿಗೆ ಬಡ್ತಿ ಸಿಗುವುದಿಲ್ಲ ಎಂದು ನಾನು ಹಿತವಚನ ಹೇಳಿದೆ.

ನಿಜವಾದ ತಲೆಬಿಸಿ ಜಾಯ್ಸ್ ಚೇಚ್ಚಿ. ಮನುಷ್ಯರು, ನೆರಳು, ಬಟ್ಟೆ, ಹೊಗೆ, ನಾಲ್ಕೂ ಅವರೊಬ್ಬರಲ್ಲೇ ಇತ್ತು. ಅವರ ಅಪ್ಪ ಅಲ್ಲಿ ಹಳಿ ರಿಪೇರಿಯ ಗ್ಯಾಂಗ್‌ಮನ್ ಆಗಿದ್ದವರು. ಚೇಚ್ಚಿ ಹುಟ್ಟಿದ್ದೇ ಆ ಕ್ವಾರ್ಟರ್ಸಿನಲ್ಲಿ. ಊರು ಮುಚ್ಚಿದ್ದನ್ನು ಅವರಿಗೆ ಯಾರೂ ಹೇಳಲಿಲ್ಲವಂತೆ, ಹಾಗಾಗಿ ಹೋಗಲಿಲ್ಲ. ಹಳೆಯ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಒಂದು ಚಹಾದಂಗಡಿ ಇಟ್ಟುಕೊಂಡಿದ್ದರು. ಸಿಗ್ನಲ್ ಕಂಬದಿಂದ ಗೋದಾಮಿನ ಕಿಟಕಿಗೆ ಹಗ್ಗ ಕಟ್ಟಿ ನೈಟಿ ಒಣಹಾಕುತ್ತಿದ್ದರು.

ಊರು ಖಾಲಿ ಉಂಟೇ ಎಂದು ನೋಡಿ ದೃಢೀಕರಿಸಲು ತಿರುವನಂತಪುರದಿಂದ ನಿರ್ಜನತಾ ಪರಿಶೀಲನಾ ಸಮಿತಿ ಬಂತು. ಒಂದು ದೋಣಿಯಲ್ಲಿ ಸಮಿತಿ, ಇನ್ನೊಂದರಲ್ಲಿ ಸಮಿತಿಯ ಊಟ, ಮತ್ತೊಂದರಲ್ಲಿ ಕುರ್ಚಿ ಮತ್ತು ಕುರ್ಚಿ ಹಾಕುವವರು. ರೈಲು ಓಡುತ್ತಿದ್ದ ಕಾಲದಲ್ಲೂ ಇಷ್ಟು ಜನ ಇಲ್ಲಿಗೆ ಬಂದದ್ದಿಲ್ಲ ಎಂದು ಚೇಚ್ಚಿಗೆ ಸಂತೋಷವೋ ಸಂತೋಷ. ಸಮಿತಿಯವರು ಬಾಳೆ ಎಲೆಯಲ್ಲಿ ಸುತ್ತಿ ಸುಟ್ಟ ಕರಿಮೀನು ಉಂಡು, ಕೈ ತೊಳೆದು, ಸುತ್ತಲೂ ನೋಡಿ, ಇಲ್ಲಿ ಜನಸಂದಣಿ ವಿಪರೀತವಾಗಿದೆ ಎಂದು ಷರಾ ಬರೆದರು. ಯಾರ ಸಂದಣಿ ಎಂದು ವಿಚಾರಿಸಿದಾಗ ಸಮಿತಿಯದೇ ಎಂದು ತಿಳಿದುಬಂತು.

ಸಮಿತಿಯ ಜೊತೆಗೇ ಬಂದಿದ್ದ ವಿಶ್ವೇಶ್ವರ ಸಾಹೇಬರಿಗೆ ನಿಜವಾಗಿ ಬೇಸರವಾಯಿತು. "ನೋಡಿ ರಾಮದಾಸ್, ಎಂಥ ಧರ್ಮಸಂಕಟ. ಸಮಿತಿ ಬರದೇ ಇದ್ದರೆ ಊರು ಖಾಲಿ ಅಂತ ಪ್ರಮಾಣಪತ್ರ ಕೊಡೋ ಹಾಗಿಲ್ಲ. ಸಮಿತಿ ಬಂದರೆ ಊರು ಖಾಲಿ ಇರೋ ಹಾಗಿಲ್ಲ."

ಅಣ್ಣಪ್ಪ ಬೆಳಗಿನಿಂದ ಬಿಸಿಲಲ್ಲಿ ಟ್ರೈಪಾಡ್ ಹೊತ್ತು ನಿಂತಿದ್ದವರು. ಅವರಿಗೆ ಕರಿಮೀನೂ ಸಿಕ್ಕಿರಲಿಲ್ಲ. ರೇಗಿಹೋಯಿತು. "ಅಯ್ಯ, ನಾವೇನ್ ಮನಷ್ಯಾರೇನ್ರಿ ಸಾಹೇಬ್ರ? ನಾವು ಸ್ಟಾಫು!" ಅಂದುಬಿಟ್ಟರು.

ಕೆಲಸ ಕೆಟ್ಟಿತು, ಇನ್ನು ಇವರಿಗೆ ಮೆಮೋ ಖಂಡಿತ ಎಂದುಕೊಂಡೆ. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಮುಖ ಅರಳಿತ್ತು.

"ಅಣ್ಣಪ್ಪನವರೇ, ಅದನ್ನ ಇನ್ನೊಂದು ಸಲ ಹೇಳಿ."

ಅಣ್ಣಪ್ಪ ಹೆದರಿ, ಈ ಸಲ ಮೆತ್ತಗೆ, ಹೇಳಿದರು.

ಹೀಗೆ ನಿಯಮ ಏಳು-ಎ ಜನ್ಮ ತಾಳಿತು. "ನಿರ್ದೇಶನಾಲಯದ ಸಿಬ್ಬಂದಿ, ಸಮಿತಿ ಸದಸ್ಯರು ಹಾಗೂ ಗುತ್ತಿಗೆ ನೌಕರರನ್ನು ಎಲ್ಲ ಉದ್ದೇಶಗಳಿಗೂ ಮನುಷ್ಯರೆಂದು ಪರಿಗಣಿಸತಕ್ಕದ್ದಲ್ಲ." ಸಮಿತಿ ಅಲ್ಲೇ, ಕುರ್ಚಿಯಲ್ಲಿ ಕೂತಲ್ಲೇ, ಸರ್ವಾನುಮತದಿಂದ ಅಂಗೀಕರಿಸಿತು. ಎಲ್ಲರೂ ಬಂದು ಅಣ್ಣಪ್ಪನ ಕೈ ಕುಲುಕಿದರು. ನಿವೃತ್ತಿಗೆ ಹತ್ತಿರವಿದ್ದ ಒಬ್ಬ ಸದಸ್ಯರಂತೂ ತಮಗೆ ಬಹಳ ವರ್ಷದಿಂದ ಹೀಗೇ ಅನ್ನಿಸುತ್ತಿತ್ತು, ಬರಹದಲ್ಲಿ ಬಂದದ್ದು ಒಳ್ಳೆಯದಾಯಿತು ಎಂದರು. ಆ ಮಧ್ಯಾಹ್ನ ಅಣ್ಣಪ್ಪ ಫೋನಿನಲ್ಲಿ ಹೆಂಡತಿಗೆ, "ನನ್ನ ಮಾತ ನಿಯಮ ಆತು ನೋಡ!" ಎಂದು ಹೇಳಿಕೊಂಡು ಹಿಗ್ಗಿದರು. ಕಲ್ಯಾಣಿಯವರೂ ಹಿಗ್ಗಿದರು.

ಇನ್ನು ಉಳಿದ ಮನುಷ್ಯರು ಚೇಚ್ಚಿ ಒಬ್ಬರೇ. ಅವರನ್ನು ತ್ರಿಪ್ಪುಣಿತ್ತುರದಲ್ಲಿ ಒಂದು ಫ್ಲ್ಯಾಟಿಗೆ ಕಳಿಸುವುದೆಂದು ತೀರ್ಮಾನವಾಯಿತು. ಹೇಳುವ ಕೆಲಸ ನನಗೆ ಬಂತು. "ಐದನೇ ಮಾಳಿಗೆಯಲ್ಲಿ ಬಟ್ಟೆ ಎಲ್ಲಿ ಒಣಹಾಕುವುದು ಸಾರೇ?" ಎಂದು ಮಾತ್ರ ಕೇಳಿದರು. ಬಾಲ್ಕನಿ ಉಂಟು ಎಂದೆ. ಕೆಟಲು, ಎರಡು ಕೋಳಿ, ಅಪ್ಪನ ಫೋಟೋ ತೆಗೆದುಕೊಂಡು ದೋಣಿ ಹತ್ತಿದರು. ಗೋಡೆಯ ಮೇಲಿನ ನಮ್ಮ ಪ್ರಕಟಣೆ ಅಂದಿನಿಂದ ಸತ್ಯವಾಯಿತು. ಸತ್ಯವಾಗುವುದಕ್ಕೆ ಮೊದಲೇ ಅಂಟಿಸಿದ್ದಕ್ಕೆ ನಮ್ಮ ಶಾಖೆಗೆ ಮೆಚ್ಚುಗೆಯೂ ಬಂತು.

ಖಾಲಿ ಊರನ್ನು ಹಾಗೇ ಬಿಟ್ಟರೆ ಯಾರಾದರೂ ಬಂದು ಸೇರಿಕೊಳ್ಳುತ್ತಾರಲ್ಲ? ಕಾವಲುಗಾರರನ್ನು ನೇಮಿಸಲಾಯಿತು. ಗುತ್ತಿಗೆ ನೌಕರರಾದ್ದರಿಂದ ಅವರು ಮನುಷ್ಯರಲ್ಲ, ತೊಂದರೆ ಇಲ್ಲ. ಅವರಿಗೆ ಇರಲು ಕ್ವಾರ್ಟರ್ಸು ರಿಪೇರಿ ಮಾಡಿಸಿ ಬಣ್ಣ ಹೊಡೆಸಲಾಯಿತು. ಬಣ್ಣ ಹೊಡೆದ ಮೇಲೆ ಊರು ಪಾಳು ಬಿದ್ದಂತೆ ಕಾಣಲಿಲ್ಲ. ಅದಕ್ಕೆ ಪಾಳು ಸಂರಕ್ಷಣಾ ಘಟಕ ಸ್ಥಾಪನೆಯಾಯಿತು. ಗೋಡೆಗೆ ಹುಳಿ ಮಜ್ಜಿಗೆ ಬಳಿದರೆ ಪಾಚಿ ಬೇಗ ಹಿಡಿಯುತ್ತದೆಂದು ಮಜ್ಜಿಗೆಗೆ ಟೆಂಡರ್ ಕರೆದರು. ಗೋಡೆಯ ಬಿರುಕಿನಲ್ಲಿ ಅಶ್ವತ್ಥದ ಸಸಿ ನೆಡುವ ಕಾರ್ಯಕ್ರಮವನ್ನು ಸಾಹೇಬರೇ ಉದ್ಘಾಟಿಸಿದರು. ಬಿರುಕು ಇಲ್ಲದ ಗೋಡೆಗಳಿಗೆ ಮೊದಲು ಬಿರುಕು ಕೊರೆಸಲಾಯಿತು. ಪಾಪ, ಸಸಿಗಳು ಬಾಡಬಾರದೆಂದು ದಿನಾ ನೀರು ಹಾಕಲು ಮಾಲಿಯೂ ಬಂದ.

ಎಲ್ಲ ತಯಾರು. ಅಣ್ಣಪ್ಪ ಟ್ರೈಪಾಡ್ ಊರಿ ಗೂಡ್ಸಿಗೆ ಕಾದರು. ಗೂಡ್ಸು ಬಂತು, ಸೇತುವೆಯ ಮೇಲೆ ಒಂದು ಕ್ಷಣವೂ ನಿಲ್ಲದೆ ಧಡಧಡ ಹೋಯಿತು. ಎಲ್ಲ ಮಸುಕು. ಮರುದಿನವೂ ಅದೇ, ಮುಂದಿನ ವಾರವೂ ಅದೇ. ಮೊದಲೆಲ್ಲ ಪ್ರತಿ ಗಾಡಿಯೂ ಅಲ್ಲೇ ನಿಲ್ಲುತ್ತಿತ್ತಲ್ಲ, ಈಗ ಎಂತಾಯಿತು ಮಾರಾಯ್ರೇ! ಫೋನಿನಲ್ಲಿ ಕಲ್ಯಾಣಿಯವರು, "ಮನಿ ಮಾಲಕರು ಅಡ್ವಾನ್ಸ್ ಕೇಳಾಕತ್ತಾರ. ಫೋಟೋ ಆತೇನ್ರಿ?" ಎಂದು ಕೇಳುತ್ತಿದ್ದರು. ಅಣ್ಣಪ್ಪ ಅನ್ನದಲ್ಲಿ ಬೆರಳಾಡಿಸುತ್ತಿದ್ದರು. ಒಂದು ದಿನ ತಡೆಯಲಾರದೆ ಸೇತುವೆಯ ಈಚೆ ದಡಕ್ಕೆ ಹೋಗಿ ನೋಡಿದರೆ, ಗೂಡ್ಸುಗಳೆಲ್ಲ ಅಲ್ಲಿ ನಿಂತಿವೆ.

ಸಂಗತಿ ಇಷ್ಟೇ. ಬಂದರಿನಿಂದ ಒಪ್ಪಿಗೆ ಬರುವವರೆಗೆ ಗಾಡಿ ಎರಡು ಸಿಗ್ನಲುಗಳ ಪೈಕಿ ಯಾವುದರಲ್ಲಿ ಕಾದರೂ ಸರಿ. ಇಷ್ಟು ವರ್ಷ ಎಲ್ಲರೂ ಕರಿಂತುರುತ್ತಿನ ಸಿಗ್ನಲಿಗೇ ಬಂದು ಕಾಯುತ್ತಿದ್ದರು. ಯಾಕೆಂದರೆ ಅಲ್ಲಿ ಜಾಯ್ಸ್ ಚೇಚ್ಚಿ ಬಿದಿರಿನ ಗಳಕ್ಕೆ ಮುಚ್ಚಳದ ತೂಗುಪಾತ್ರೆಯಲ್ಲಿ ಚಹಾ, ಒಂದು ಚೀಲದಲ್ಲಿ ಬಿಸಿ ಪಳಂಪೊರಿ, ಅದೇ ನಮ್ಮ ಬಾಳೆಹಣ್ಣಿನ ಪೋಡಿ ಅಥವಾ ಬಜ್ಜಿ, ಕಟ್ಟಿ ಎಂಜಿನಿನ ಕಿಟಕಿಗೆ ಎತ್ತಿಕೊಡುತ್ತಿದ್ದರು. ಈಗ ಚಹಾ ಇಲ್ಲ. ಈಚೆ ದಡದಲ್ಲಿ ಇನ್ಯಾರದೋ ಚಹಾ ಉಂಟು.

ಅಣ್ಣಪ್ಪ ತಿರುವನಂತಪುರಕ್ಕೆ ಫೋನ್ ಹಚ್ಚಿ ಕೂಗಾಡಿಬಿಟ್ಟರು. "ಆಕಿ ಇದ್ರ ಊರು ಖಾಲಿ ಇರೂದಿಲ್ಲ, ಆಕಿ ಇಲ್ಲಂದ್ರ ಗಾಡಿ ನಿಲ್ಲೂದಿಲ್ಲ! ನಾ ಸಾಯೂತನಾ ಇಲ್ಲೇ ಮಜ್ಜಿಗಿ ಹಚ್ಚಿಕೋತ ಕುಂದರ್ಲೇನ್ರಿ?"

ಪ್ರಧಾನ ಕಚೇರಿ ಕೂಡಲೇ ಸ್ಪಂದಿಸಿತು. ವಿನ್ಸೆಂಟ್ ಎಂಬ ಹಿರಿಯ ಗುಮಾಸ್ತರನ್ನು ಹಂಗಾಮಿ ಚಹಾ ಅಧಿಕಾರಿಯಾಗಿ ಕರಿಂತುರುತ್ತಿಗೆ ನಿಯೋಜಿಸಿತು. ವಿನ್ಸೆಂಟರು ಬಹಳ ಶಿಸ್ತಿನವರು. ಗಳದ ತುದಿಗೆ ಮೊದಲು ರಸೀತಿ ಪುಸ್ತಕ ಕಟ್ಟಿ ಮೇಲೆ ಕಳಿಸುವರು; ಚಾಲಕರು ಸಹಿ ಹಾಕಿ ಕೆಳಗಿಳಿಸಿದ ಮೇಲೆ ಬಿಸಿ ನೀರು; ಅದಕ್ಕೂ ಸಹಿಯಾದ ಮೇಲೆ ಟೀ ಬ್ಯಾಗು. ಪಳಂಪೊರಿ ಅನುಮೋದಿತ ಪಟ್ಟಿಯಲ್ಲಿ ಇಲ್ಲವಾದ್ದರಿಂದ ಬಿಸ್ಕತ್ತು. ಒಂದೇ ಒಂದು ಗಾಡಿ ನಿಂತಿತು. ಅದರ ಚಾಲಕರು ರಸೀತಿ ಪುಸ್ತಕವನ್ನು ಹಿನ್ನೀರಿಗೆ ಎಸೆದು ಮುಂದೆ ಹೋದರು. ವಿನ್ಸೆಂಟರು ಅದನ್ನು ಹುಡುಕಲು ಮುಳುಗುಗಾರರು ಬೇಕೆಂದು ಬರೆದು ವರದಿ ಸಲ್ಲಿಸಿದರು.

ಕೊನೆಗೆ ಸಾಹೇಬರಿಗೆ ಹೊಳೆಯಿತು. ಚೇಚ್ಚಿಯನ್ನು ಕರೆತರಬಹುದು, ಆದರೆ ಮನುಷ್ಯರಾಗಿ ಅಲ್ಲ. ನಾನೂ ಅಣ್ಣಪ್ಪನೂ ಮೆಟ್ರೋ ಹತ್ತಿ ಕೊನೆಯ ನಿಲ್ದಾಣ ತ್ರಿಪ್ಪುಣಿತ್ತುರಕ್ಕೆ ಹೋದೆವು. ಚೇಚ್ಚಿ ಬಾಲ್ಕನಿಯಲ್ಲಿ ಕೋಳಿಗಳ ಜೊತೆ ಕೂತು ಮೆಟ್ರೋ ನೋಡುತ್ತಿದ್ದರು. ನಮ್ಮನ್ನು ಕಂಡದ್ದೇ ಎದ್ದು ಚಹಾಕ್ಕೆ ಇಟ್ಟರು. "ಎಂಥ ರೈಲು ಸಾರೇ ಇದು, ಯಾರಿಗೂ ಚಹಾ ಬೇಡ" ಎನ್ನುವಾಗ ಅವರ ಕಣ್ಣು ತುಂಬಿತ್ತು. ನಿರ್ಜನತಾ ಸಹಾಯಕಿ ಎಂಬ ಹುದ್ದೆ ಕೊಡುತ್ತೇವೆ, ಇನ್ನು ಮುಂದೆ ನಿಮ್ಮನ್ನು ಮನುಷ್ಯರೆಂದು ಪರಿಗಣಿಸುವುದಿಲ್ಲ, ಒಪ್ಪಿಗೆಯೇ ಎಂದು ನಾನು ನಿಯಮದಂತೆ ಕೇಳಿದೆ.

ಚೇಚ್ಚಿ ಯೋಚಿಸಿದರು. "ರೇಷನ್ ಕಾರ್ಡಿಗೆ ತೊಂದರೆ ಇಲ್ಲವಲ್ಲ ಸಾರೇ?"

ಇಲ್ಲ ಎಂದೆ. ಆ ಸಂಜೆಯೇ ಅವರು ಊರಿಗೆ ವಾಪಸಾದರು, ಮರುದಿನ ಗೂಡ್ಸು ನಿಂತಿತು.

ಫೋಟೋ ಅದ್ಭುತವಾಗಿ ಬಂತು. ಸುಮ್ಮನೆ ಹೇಳುವುದಲ್ಲ. ಎಳೆ ಬಿಸಿಲು, ಸೇತುವೆಯುದ್ದಕ್ಕೂ ಕೆಂಪು ನೀಲಿ ಕಂಟೇನರುಗಳು, ಎಂಜಿನಿನ ಕಿಟಕಿಯಿಂದ ಚಾಚಿದ ಒಂದು ಕೈ, ಕೆಳಗೆ ಗಳ ಎತ್ತಿ ಹಿಡಿದು ತುದಿಗಾಲಲ್ಲಿ ನಿಂತ ಚೇಚ್ಚಿ. ಪಕ್ಕದಲ್ಲಿ ಸರತಿಯಲ್ಲಿ ಗ್ಲಾಸು ಹಿಡಿದ ಕಾವಲುಗಾರರು, ಸಸಿಗೆ ನೀರು ಹಾಕುತ್ತಿರುವ ಮಾಲಿ, ಮಜ್ಜಿಗೆ ಬಳಿಯುವ ಗುತ್ತಿಗೆ ನೌಕರ, ಹಗ್ಗದ ಮೇಲೆ ನೈಟಿ, ಮುಂದೆ ನೆಲದ ಮೇಲೆ ಅಣ್ಣಪ್ಪನದೇ ಉದ್ದ ನೆರಳು. ಸಮಿತಿ ಭೂತಗನ್ನಡಿ ಹಿಡಿದು ನೋಡಿ, ಚಿತ್ರದಲ್ಲಿ ಒಬ್ಬ ಮನುಷ್ಯನೂ ಇಲ್ಲ ಎಂದು ಪ್ರಮಾಣಪತ್ರ ಕೊಟ್ಟಿತು. ನೈಟಿ ಸಿಬ್ಬಂದಿಯ ಸಮವಸ್ತ್ರವಾಯಿತು. ಎಂಜಿನಿನ ಕಿಟಕಿಯ ಕೈ ಮಾತ್ರ ನಮ್ಮ ಸಿಬ್ಬಂದಿಯದಲ್ಲವಾಗಿ ಸ್ವಲ್ಪ ಚರ್ಚೆಯಾಯಿತು. ಅದು ಊರಿನಲ್ಲಿ ಅಲ್ಲ, ಸೇತುವೆಯಲ್ಲಿ ಇದೆ ಎಂದು ಬಿಟ್ಟರು. ಜನವರಿ ಪುಟ ಅಚ್ಚಾಯಿತು. ಅಡಿಯಲ್ಲಿ "ನಿರ್ಜನ" ಎಂದು ದೊಡ್ಡ ಅಕ್ಷರ.

ಅಣ್ಣಪ್ಪ ವರ್ಗಾವಣೆ ಅರ್ಜಿ ಹಾಕಿದರು. ಕಲ್ಯಾಣಿಯವರು ಅಡ್ವಾನ್ಸ್ ಕೊಟ್ಟು ಮನೆಯ ಬೀಗದಕೈ ತೆಗೆದುಕೊಂಡರು.

ಉತ್ತರ ಬಂತು. "ದಂಪತಿಗಳನ್ನು ಒಂದೇ ಊರಿನಲ್ಲಿ ಇರಿಸುವ ನಿಯಮವು ಮನುಷ್ಯರಿಗೆ ಅನ್ವಯಿಸುತ್ತದೆ. ಅರ್ಜಿದಾರರು ನಿಯಮ ಏಳು-ಎ ಪ್ರಕಾರ ಮನುಷ್ಯರಲ್ಲ. ಆದುದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ."

ಕಲ್ಯಾಣಿಯವರು ರಜೆ ಹಾಕಿ ಬಂದರು. ನಾವು ಮೂವರೂ ತಿರುವನಂತಪುರಕ್ಕೆ ಹೋದೆವು. ಸಾಹೇಬರು ಎದ್ದು ನಿಂತು ಬರಮಾಡಿಕೊಂಡು, ಕಾಫಿ ತರಿಸಿ, ನಿಜವಾಗಿಯೂ ನೊಂದುಕೊಂಡು ಹೇಳಿದರು: "ನನಗೆ ಅರ್ಥವಾಗುತ್ತಮ್ಮ. ನಾನು ಮಾತಿನಂತೆ ಅರ್ಜಿ ಕೈಗೆತ್ತಿಕೊಂಡೆ. ಆದರೆ ನಿಮ್ಮ ಯಜಮಾನರನ್ನ ಮನುಷ್ಯರು ಅಂತ ಒಪ್ಪಿಕೊಂಡರೆ ಆ ಚಿತ್ರದಲ್ಲಿರೋ ಅವರ ನೆರಳು ಮನುಷ್ಯನ ನೆರಳಾಗುತ್ತೆ. ಆಮೇಲೆ ಕಾವಲುಗಾರರು ಕೇಳ್ತಾರೆ, ಮಾಲಿ ಕೇಳ್ತಾನೆ. ಇಡೀ ಜನವರಿ ಬಿದ್ದುಹೋಗುತ್ತೆ. ಬೇರೆ ತಿಂಗಳಾಗಿದ್ದರೆ ಏನಾದರೂ ಮಾಡಬಹುದಿತ್ತು."

"ಹಂಗಾದ್ರ ನಾವು ಹಿಂಗ ಇರೂದೇನ್ರಿ ಸಾಹೇಬ್ರ?" ಎಂದರು ಕಲ್ಯಾಣಿಯವರು. "ಮದುವಿಯಾಗಿ ಇಷ್ಟು ವರ್ಷಾತು, ಇವರಿಗೆ ಒಂದ್ ಬಿಸಿ ರೊಟ್ಟಿ ಬಡದು ಹಾಕಿಲ್ಲ ನಾನು."

ಅಣ್ಣಪ್ಪ ಕಿಟಕಿಯ ಕಡೆ ತಿರುಗಿ ನಿಂತರು. ಸಾಹೇಬರು, ಒಂದು ಕೆಲಸ ಮಾಡಬಹುದು, ಇಲ್ಲಿ ಒಂದು ಹುದ್ದೆ ಖಾಲಿ ಇದೆ, ನೀವೇ ನಮ್ಮಲ್ಲಿಗೆ ಬಂದುಬಿಡಿ, ಆಗ ಇಬ್ಬರೂ ಒಂದೇ ಇಲಾಖೆಯವರಾಗ್ತೀರಿ ಎಂದರು. ಕಲ್ಯಾಣಿಯವರು ಗಂಡನ ಮುಖ ನೋಡಿದರು. ಕೂಡಲೇ ಹ್ಞೂಂ ಅಂದರು. ಸಂದರ್ಶನ ಅಲ್ಲೇ ನಡೆಯಿತು.

"ನಮ್ಮಲ್ಲಿ ಸೇರಿದ ದಿನದಿಂದ ನಿಮ್ಮನ್ನ ಮನುಷ್ಯರು ಅಂತ ಪರಿಗಣಿಸೋದಿಲ್ಲ. ಈ ಬಗ್ಗೆ ಏನಾದರೂ ಪೂರ್ವಾನುಭವ ಇದೆಯಾ?"

"ಬ್ಯಾಂಕಿನ ಕೌಂಟರಿನಾಗ ಕುಂತೀನಿ ಸಾಹೇಬ್ರ."

ಸಾಹೇಬರು ತೃಪ್ತಿಯಿಂದ ತಲೆಯಾಡಿಸಿದರು. ಕಲ್ಯಾಣಿಯವರು ಬ್ಯಾಂಕಿಗೆ ರಾಜೀನಾಮೆ ಕೊಟ್ಟು, ಹುಬ್ಬಳ್ಳಿಯ ಮನೆಯ ಬೀಗದಕೈ ಹಿಂದಿರುಗಿಸಿ, ರೊಟ್ಟಿ ಹಂಚು ಹೊತ್ತುಕೊಂಡು ಬಂದರು. ನೇಮಕಾತಿ ಆದೇಶ ಒಡೆದು ನೋಡಿದರೆ ಸ್ಥಳ ತಿರುವನಂತಪುರ. ಕೊಚ್ಚಿಗೆ ಯಾಕಿಲ್ಲ ಎಂದು ನಾನು ಫೋನ್ ಮಾಡಿ ಕೇಳಿದೆ. "ದಂಪತಿ ಅನ್ನೋ ಕಾರಣಕ್ಕೆ ಕೊಚ್ಚಿ ಕೊಡಬೇಕು ಅಂದರೆ ಇಬ್ಬರಲ್ಲಿ ಒಬ್ಬರಾದರೂ ಮನುಷ್ಯರಾಗಿರಬೇಕಲ್ಲ ರಾಮದಾಸ್" ಎಂದರು ಸಾಹೇಬರು. ವಾದದಲ್ಲಿ ಹುಳುಕು ಹುಡುಕಿದೆ, ಸಿಗಲಿಲ್ಲ.

ಈಗ ಎಲ್ಲವೂ ಸುಸೂತ್ರ. ಕಲ್ಯಾಣಿಯವರು ಪ್ರಧಾನ ಕಚೇರಿಯ ಮಾನವ ಸಂಪನ್ಮೂಲ ವಿಭಾಗದಲ್ಲಿದ್ದಾರೆ, ಕೆಲಸದಲ್ಲಿ ಬಹಳ ಚುರುಕು ಎಂದು ಹೆಸರು. ಅಣ್ಣಪ್ಪ ಕಲೂರಿನಲ್ಲೇ ಇದ್ದಾರೆ. ಊಟದ ಹೊತ್ತಿಗೆ ನೀರಿನ ಬಾಟಲಿಗೆ ಫೋನು ಒರಗಿಸುತ್ತಾರೆ. ಈಗ ಎರಡೂ ಕಡೆ ಕುಸುಬಲಕ್ಕಿ ಅನ್ನ. ಮೊನ್ನೆ ಅಣ್ಣಪ್ಪ ತಿರುವನಂತಪುರಕ್ಕೆ ವರ್ಗಾವಣೆ ಕೋರಿ ಹೊಸ ಅರ್ಜಿ ಹಾಕಿದ್ದರು. ವಾರದೊಳಗೆ ಉತ್ತರ ಬಂತು. ಅಷ್ಟು ಬೇಗ ಉತ್ತರ ಬಂದದ್ದು ನಮ್ಮ ಶಾಖೆಯಲ್ಲಿ ಇದೇ ಮೊದಲು. ನಿಯಮ ಏಳು-ಎ ಪ್ರಕಾರ ತಿರಸ್ಕರಿಸಲಾಗಿದೆ ಎಂದು ಬರೆದು, ಕೆಳಗೆ ಕಲ್ಯಾಣಿಯವರ ಸಹಿ.

ನಾನು ಕಾಗದವನ್ನು ಅಣ್ಣಪ್ಪನ ಕೈಗೆ ಕೊಟ್ಟೆ. ಅವರು ಪೂರಾ ಓದಿದರು. ಮತ್ತೆ ಕಿಟಕಿಯ ಬೆಳಕಿಗೆ ಹಿಡಿದು, ಒಳ್ಳೆಯ ಫೋಟೋ ನೋಡುವ ಹಾಗೆ, ಸಹಿಯನ್ನೇ ನೋಡುತ್ತ ಕೂತರು.

"ನಿಯಮ ಬಿಟ್ಟು ಒಂದಕ್ಷರ ಆಚೆ ಬರದಿಲ್ಲ ನೋಡ್ರಿ ಆಕಿ" ಎಂದರು, ಹೆಮ್ಮೆಯಿಂದ.